ಕಬ್ಬಿಣದ ಕೈಯ ಮಾಯಾವಿ: ಹಳೇ ಅಚ್ಚು, ಹೊಸ ಅಚ್ಚು

ತಮಿಳಿನಲ್ಲಿ ‘ಇರುಂಬುಕ್ಕೈ ಮಾಯಾವಿ’ ಅಂತ ಹೆಸರಾದ ಚಿತ್ರಕತೆಯನ್ನು ಓದದೆ ಇರೋ ಗಂಡಸರು ನಮ್ಮ ತಾಳವಾಡಿ ಸೀಮೆಯಲ್ಲಿ, ನನ್ನ ವಯಸ್ಸಿನವರಲ್ಲಿ, ಕಮ್ಮಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮಂಥವರು ತಮಿಳು ಅಕ್ಷರ ಕೂಡಿಸಿದ್ದೇ ಸತ್ಯಮಂಗಲದ ಬಸ್ಸಿನ ಬೋರ್ಡಿನಿಂದ ಮತ್ತು ಈ ಪುಸ್ತಕಗಳಿಂದ. ಈಗ ಅವು ಮತ್ತೆ ಅಚ್ಚಾಗಿ ಬರ್ತಾ ಇವೆ. ಕೂಡಿಡೋರೂ ಹೆಚ್ಚಾಗಿದಾರೆ. ನನ್ನ ಹತ್ರ ಹಳೇ ಅಚ್ಚಿನವು ಏಳು, ಹೊಸ ಅಚ್ಚಿನವು ಹನ್ನೊಂದು, ಕೊಯಮತ್ತೂರಿನಿಂದ ನಮ್ಮ ತಂಗಿ ಮಗ ತಂದ ಇಂಗ್ಲಿಷಿನ ದಪ್ಪ ಪುಸ್ತಕ ಒಂದು. ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಅನ್ನಿಸಿದ್ದನ್ನ ಬರೀತೀನಿ.

ಇದು ತಮಿಳರು ಹುಟ್ಟಿಸಿದ ಕತೆಯಲ್ಲ. 1962ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ‘ವ್ಯಾಲಿಯಂಟ್’ ಅನ್ನೋ ಹುಡುಗರ ವಾರಪತ್ರಿಕೆ ಶುರುವಾಯ್ತು. ಅದರ ಮೊದಲ ಸಂಚಿಕೆಯಿಂದಲೇ ಇದು ‘ಸ್ಟೀಲ್ ಕ್ಲಾ’ ಅನ್ನೋ ಹೆಸರಲ್ಲಿ ಬಂತು. ಕತೆ ಮೊದಲು ಬರೆದವನು ಕೆನ್ ಬುಲ್ಮರ್, ಆಮೇಲೆ ಟಾಮ್ ಟಲ್ಲಿ. ಚಿತ್ರ ಬರೆದ ಹೆಸುಸ್ ಬ್ಲಾಸ್ಕೋ ಸ್ಪೇನ್ ದೇಶದ ಬಾರ್ಸಿಲೋನಾದವನು. ಅದನ್ನ ಮುತ್ತು ಕಾಮಿಕ್ಸಿನವರು 1972ರಲ್ಲಿ ತಮಿಳಿಗೆ ತಂದರು, ಅವರ ಮೊದಲನೇ ಪುಸ್ತಕವೇ ಇದು. ಅಚ್ಚಾದದ್ದು ಪಟಾಕಿ, ಬೆಂಕಿಪಟ್ಟಣ, ಕ್ಯಾಲೆಂಡರಿನ ಶಿವಕಾಶಿಯಲ್ಲಿ. ಹಂಗೆ ಮೂರು ಊರಿನ ನೀರು ಕುಡಿದು ದಿಂಬಂ ಘಾಟಿ ಹತ್ತಿ ನಮ್ಮ ಕೈಗೆ ಬಂತು.

ಕತೆ ಗೊತ್ತಿಲ್ಲದ ಚಿಕ್ಕವರಿಗೆ ಹೇಳಬೇಕು. ಲೂಯಿಸ್ ಕ್ರಾಂಡಲ್ ಅನ್ನೋನು ಒಬ್ಬ ಪ್ರೊಫೆಸರ ಪ್ರಯೋಗಶಾಲೆಯಲ್ಲಿ ಸಹಾಯಕ. ಅಪಘಾತದಲ್ಲಿ ಬಲಗೈ ಹೋಗಿ ಉಕ್ಕಿನ ಕೈ ಹಾಕಿಸಿಕೊಂಡವನು. ಒಂದಿನ ಕರೆಂಟು ಹೊಡೆದು ಮೈಯೆಲ್ಲ ಮಾಯ ಆಗ್ತದೆ, ಉಕ್ಕಿನ ಕೈ ಮಾತ್ರ ಗಾಳೀಲಿ ಉಳೀತದೆ. ಆಮೇಲೆ ಬೇಕೆಂದಾಗ ಕರೆಂಟು ಮುಟ್ಟಿ ಮಾಯವಾಗೋದು ಕಲೀತಾನೆ. ನಮ್ಮ ಸೀಮೆಯ ಹುಡುಗರು ಇದನ್ನ ಓದಿ ಪ್ಲಗ್ಗಿಗೆ ಕೈ ಹಾಕದಿದ್ದದ್ದು ಆಗ ಅರ್ಧ ಮನೆಗೆ ಕರೆಂಟೇ ಇಲ್ಲದ ಪುಣ್ಯ.

ಇವನು ಮೊದಲು ಕೆಟ್ಟವನು ಕನ್ರಪ್ಪ, ಇದು ಬಹಳ ಜನಕ್ಕೆ ನೆನಪಿಲ್ಲ. ಕಣ್ಣಿಗೆ ಕಾಣಲ್ಲ ಅಂತ ಆದ ಕೂಡಲೇ ಕಳ್ಳತನಕ್ಕೆ ಇಳಿದವನು. ಆಮೇಲೆ ನಿಧಾನಕ್ಕೆ ತಿರುಗಿಕೊಂಡು, ಕೊನೆಗೆ ಸರ್ಕಾರದ ಗುಟ್ಟಿನ ದಳ ಸೇರ್ತಾನೆ. ಅಲ್ಲಿ ಅವನ ಬೆರಳಿನಿಂದ ಗುಂಡು ಹಾರಿಸೋ, ಹೊಗೆ ಬಿಡೋ ಹೊಸ ಕೈ ಕೊಡ್ತಾರೆ. ನನಗೆ ಕೇಳಿದರೆ ಕತೆ ಸಪ್ಪಗಾಗೋದು ಅಲ್ಲೇ. ಬರೀ ಕೈ ಇದ್ದಾಗ ಅವನ ಮನಸ್ಸು ಎತ್ತ ವಾಲ್ತದೆ ಅನ್ನೋ ಭಯ ಇತ್ತು. ಕೈಯೊಳಗೆ ಬಂದೂಕ ಬಂದ ಮೇಲೆ ಅವನು ಪೊಲೀಸಿನವನು, ಅಷ್ಟೇ. ತಂಬೂರಿ ಹಿಡಿದು ಮಾದಪ್ಪನ ಕತೆ ಹೇಳೋ ನಮಗೆ ಇದು ಗೊತ್ತಿರೋ ವಿಚಾರ. ಶ್ರವಣನ ಸಾಲಿನಲ್ಲಿ ಶ್ರವಣನ ಬಲ ಎಷ್ಟು ಅಂತ ಮೊದಲು ಕೂರಿಸದೆ ಹೋದರೆ ಮಾದಪ್ಪ ಗೆದ್ದದ್ದಕ್ಕೆ ಬೆಲೆ ಎಲ್ಲಿ?

ಅದಕ್ಕೇ ಹೊಸ ಅಚ್ಚಿನ ಮೇಲೆ ನನ್ನ ದೊಡ್ಡ ದೂರು ಇದು: ನನ್ನ ಕೈಗೆ ಬಂದ ಹನ್ನೊಂದರಲ್ಲಿ ಕತೆಗಳ ಕ್ರಮ ಹಿಂದುಮುಂದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಎಲ್ಲೂ ಬರೆದಿಲ್ಲ. ಎರಡು ಪುಸ್ತಕದಲ್ಲಿ ಒಂದೇ ಕತೆ, ಅಟ್ಟೆ ಬೇರೆ. ಹೊಸದಾಗಿ ಓದೋ ಹುಡುಗ ಒಳ್ಳೆಯವನನ್ನ ಮೊದಲು ನೋಡಿ, ನಾಲ್ಕನೇ ಪುಸ್ತಕದಲ್ಲಿ ಅವನೇ ಕಳ್ಳ ಅಂದರೆ ತಲೆ ಕೆರ್ಕೋತಾನೆ. ಜನ ಕೇಳಿದ ಕತೆಯನ್ನೇ ಮತ್ತೆ ಮತ್ತೆ ಅಚ್ಚು ಹಾಕೋದು ವ್ಯಾಪಾರಕ್ಕೆ ಸರಿ. ನಾವೂ ಜಾತ್ರೇಲಿ ಸಂಕಮ್ಮನ ಸಾಲೇ ಹೇಳಿ ಅಂದರೆ ಅದನ್ನೇ ಹೇಳ್ತೀವಿ. ಆದರೆ ಸಂಕಮ್ಮ ಯಾರು ಅಂತ ಕೇಳೋರಿಗೆ ಗೊತ್ತಿರ್ತದೆ. ಇಲ್ಲಿ ಗೊತ್ತಿರಲ್ಲ.

ಚಿತ್ರದ ವಿಷಯಕ್ಕೆ ಬಂದರೆ ಹೊಸ ಅಚ್ಚೇ ಗೆಲ್ಲೋದು, ಹಳೇದರ ಮೇಲೆ ಎಷ್ಟೇ ಪ್ರೀತಿ ಇದ್ದರೂ ಹೇಳಬೇಕು. ಬ್ಲಾಸ್ಕೋ ಬರೀ ಕಪ್ಪು ಬಿಳುಪಿನಲ್ಲಿ ಬರೆದವನು. ಮನುಷ್ಯ ಮಾಯವಾದ ಮೇಲೆ ಚಿತ್ರದಲ್ಲಿ ಉಳಿಯೋದು ಒಂದು ಕೈ. ಆ ಒಂದು ಕೈಯಲ್ಲೇ ಅವನು ನಿಂತಿದಾನೋ, ಬಗ್ಗಿದಾನೋ, ಸುಸ್ತಾಗಿದಾನೋ, ಸಿಟ್ಟಾಗಿದಾನೋ ಅಂತ ನಮಗೆ ತಿಳೀಬೇಕು. ತಿಳೀತದೆ! ಒಂದು ಚಿತ್ರದಲ್ಲಿ ಕೈ ಬಾಗಿಲ ಹಿಡಿ ಹಿಡಿದಿರೋ ರೀತಿ ನೋಡಿದರೆ ಒಳಗೆ ಹೋಗೋಕೆ ಅವನಿಗೆ ಮನಸ್ಸಿಲ್ಲ ಅಂತ ಗೊತ್ತಾಗ್ತದೆ. ನನ್ನ ಹಳೇ ಪುಸ್ತಕದಲ್ಲಿ ಅದೇ ಚಿತ್ರ ಮಸಿ ಕಟ್ಟಿಕೊಂಡು ಬಾಗಿಲೂ ಕೈಯೂ ಒಂದೇ ಆಗಿವೆ. ಐವತ್ತು ವರ್ಷ ನಾನು ಆ ಬಾಗಿಲನ್ನೇ ಕಂಡಿರಲಿಲ್ಲ. ಹೊಸದು ಬಿಳೀ ಕಾಗದ, ದೊಡ್ಡ ಅಳತೆ, ಗೆರೆ ಗೆರೆ ಕಾಣ್ತದೆ. ಇಂಗ್ಲಿಷಿನದು ಇನ್ನೂ ಚೆನ್ನ.

ಆ ಇಂಗ್ಲಿಷು ನಮ್ಮ ಶಾಲೆಯ ಮೇಷ್ಟ್ರು ನಾಲ್ಕು ಸಂಜೆ ಕೂತು ಓದಿ ಹೇಳಿದರು. ಅಲ್ಲಿ ಮಾತು ತುಂಡು ತುಂಡು, ಒಣ. ತಮಿಳಿನಲ್ಲಿ ಖಳರು ನಾಟಕದ ಕಂಪನಿಯವರ ಹಂಗೆ ಗರ್ಜಿಸ್ತಾರೆ. ಮೇಷ್ಟ್ರಿಗೆ ಇಂಗ್ಲಿಷಿನದೇ ಸರಿ ಅನ್ನಿಸ್ತು. ನನಗೆ ಗರ್ಜನೆ ಬೇಕು. ಕಾಣದೆ ಇರೋ ಮನುಷ್ಯ ದನಿಯಿಂದಲಾದರೂ ಇರಬೇಕಲ್ಲ.

ಇನ್ನೊಂದು, ಕೂಡಿಸಿ ಅಚ್ಚು ಹಾಕೋರು ಯೋಚಿಸಬೇಕಾದ್ದು. ಇದು ವಾರಕ್ಕೆ ಎರಡು ಮೂರು ಪುಟದಂತೆ ಬಂದ ಕತೆ. ಪ್ರತಿ ವಾರದ ಕೊನೆಗೆ ಒಂದು ಗಂಡಾಂತರ, ಮುಂದಿನ ವಾರದ ಮೊದಲಿಗೆ ಪಾರಾಗೋದು. ಒಂದೇ ಕೂರಿಗೆ ಓದಿದರೆ ಗಾಡಿ ಹಳ್ಳಕ್ಕೆ ಬಿದ್ದು ಎದ್ದು ಬಿದ್ದು ಎದ್ದು ಹೋದಂಗೆ ಸೊಂಟ ನೋಯ್ತದೆ. ಕತೆಯ ತಪ್ಪಲ್ಲ ಅದು. ರಾತ್ರಿಯೆಲ್ಲ ಹೇಳೋ ಕತೆಯಲ್ಲಿ ನಾವು ಎಲೆ ಅಡಿಕೆಗೆ ನಿಲ್ಲಿಸ್ತೀವಲ್ಲ, ಓದೋರೂ ಹಂಗೆ ನಿಲ್ಲಿಸಿ ದಿನಕ್ಕೆ ಒಂದಿಷ್ಟು ಓದಿದರೆ ರುಚಿ.

ಕೆಳಗಿನ ಸೀಮೆಯಿಂದ ಒಬ್ಬರು ಬಂದು ಹಳೇವಕ್ಕೆ ಒಂದಕ್ಕೆ ಎಂಟುನೂರು ಕೊಡ್ತೀನಿ ಅಂದರು. ಅವರ ಮನೇಲಿ ಹಿಂತಾವು ನೂರಾರು ಇವೆಯಂತೆ, ಪ್ಲಾಸ್ಟಿಕ್ಕಿನ ಕವರಿನಲ್ಲಿ, ಬಿಚ್ಚೋದಿಲ್ಲವಂತೆ. ನಾನು ಕೊಡಲಿಲ್ಲ. ದುಡ್ಡು ಬೇಡ ಅಂತಲ್ಲ, ಆ ವರ್ಷ ಆಲೂಗಡ್ಡೆಗೆ ಬೆಲೆಯೂ ಇರಲಿಲ್ಲ. ಆದರೆ ಬಿಚ್ಚದೆ ಇಡೋ ಕತೆ ಯಾರಿಗೆ?

ಓದೋ ಮನೆಯ ಸಭೆಯಲ್ಲಿ ಕನ್ನಡದ ಮನೆಯಲ್ಲಿ ತಮಿಳು ಪುಸ್ತಕ ಯಾಕೆ ಅಂತ ಮಾತು ಬಂತು. ಆ ಭಯ ನನಗೂ ಅರ್ಥವಾಗ್ತದೆ, ನಮ್ಮ ಕನ್ನಡ ಶಾಲೆಯ ಮಕ್ಕಳ ಲೆಕ್ಕ ವರ್ಷ ವರ್ಷ ನೋಡ್ತಾನೇ ಇದೀವಿ. ಇಂದ್ರಜಾಲ ಕಾಮಿಕ್ಸ್ ಒಂದು ಕಾಲಕ್ಕೆ ಕನ್ನಡದಲ್ಲೂ ಬರ್ತಿತ್ತು. ಇವತ್ತು ಅಂಥದ್ದು ನಮ್ಮ ಕಪಾಟಿನಲ್ಲಿ ಇದ್ದಿದ್ದರೆ ನಾನು ಅದನ್ನೇ ಮುಂದೆ ಇಡ್ತಿದ್ದೆ. ಇಲ್ಲ. ಹುಡುಗರ ಕೈಗೆ ಕೊಡೋಕೆ ಚಿತ್ರದ ಪುಸ್ತಕವೇ ಇಲ್ಲದೆ ಅವರು ಓದೋ ಮನೆಗೆ ಬರಲ್ಲ ಅಂತ ಬೈದರೆ ಆಗ್ತದಾ? ಇದನ್ನ ನೋಡೋಕೆ ಒಳಗೆ ಬಂದ ಹುಡುಗಿ ಒಬ್ಬಳು ಪಕ್ಕದಲ್ಲಿದ್ದ ಕನ್ನಡದ ಕತೆ ಪುಸ್ತಕ ಎತ್ತಿಕೊಂಡು ಹೋದಳು, ರಿಜಿಸ್ಟರಿನಲ್ಲಿ ಐತೆ.

ಸಭೆ ಒಪ್ಪಿದೆ. ಹೊಸವು ಹನ್ನೊಂದೂ ಈಗ ಕಿಟಕಿ ಕಡೆಯ ಕಪಾಟಿನ ಎರಡನೇ ಅಂತಸ್ತಿನಲ್ಲಿವೆ. ಮೇಷ್ಟ್ರೂ ನಾನೂ ಕೂತು ಕ್ರಮ ನೋಡಿ ಅಟ್ಟೆಯ ಒಳಗೆ ಪೆನ್ಸಿಲಿನಲ್ಲಿ ಅಂಕಿ ಹಾಕಿದೀವಿ, ಆ ಅಂಕಿಯಂತೆ ಓದಿ. ಒಂದನೇದು ಯಾರೋ ಮನೆಗೆ ತಗೊಂಡು ಹೋಗಿ ಎರಡು ತಿಂಗಳಾಯ್ತು, ತಂದು ಇಡಬೇಕು.