ರಾಡಿ ತಡೆದ ಮೇಲೆ ಪಂಪಿನ ಮಾತು

ಕರೆಂಟ್ ಹೋದಾಗ ನೆಲಮಾಳಿಗೆಯ ನೀರು ಎತ್ತುವ ಪಂಪನ್ನು ಓಡಿಸುವ ಬ್ಯಾಟರಿಯ ಬಗ್ಗೆ ಈ ವಾರ ಬರೆಯುತ್ತೇನೆ ಎಂದು ಹೇಳಿದ್ದೆ. ಉತ್ತರಿ ಮಳೆ ಹತ್ತಿರ ಬಂತು, ಅದರ ಬೆನ್ನಿಗೆ ಹಸ್ತಾ. ಮಿರಗ ಕೈಕೊಟ್ಟ ವರ್ಷವೂ ನಮ್ಮ ರೈತರು ಈ ಎರಡು ಮಳೆಗಳ ಮೇಲೆ ಭರವಸೆ ಇಟ್ಟಿರುತ್ತಾರೆ. ಹಿಂಗಾರಿ ಜೋಳಕ್ಕೆ ಇವೇ ಜೀವ. ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಪೇಟೆಯಲ್ಲಿ ನೆಲಮಾಳಿಗೆಯೊಳಗೆ ಮಾಲು ಇಟ್ಟವರಿಗೆ ಮಾತ್ರ ನಿದ್ದೆಗೆಡಿಸುವ ಮಳೆಗಳೂ ಇವೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದ ಆ ವಾರವನ್ನು ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ.

ಬ್ಯಾಟರಿಯ ಲೆಕ್ಕ ನೋಡೋಣ. ಅರ್ಧ ಎಚ್‌ಪಿ ಪಂಪು ಓಡುವಾಗ ಸುಮಾರು 550ರಿಂದ 600 ವ್ಯಾಟ್ ಎಳೆಯುತ್ತದೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ತಾಸು ಇದೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಇನ್ವರ್ಟರಿನಲ್ಲಿ ಒಂದಿಷ್ಟು ಸೋರುತ್ತದೆ, 50 ಆಂಪಿಯರ್ ಮೀರಿ ಎಳೆದಾಗ ಇನ್ನೊಂದಿಷ್ಟು ಕೈಬಿಡುತ್ತದೆ. ಕೊನೆಗೆ ಸಿಗುವುದು ಒಂದು ತಾಸಿನ ಓಟ, ಹೆಚ್ಚೆಂದರೆ ಒಂದೂಕಾಲು ತಾಸು. ‘ಇಷ್ಟ ಏನ್ರಿ?’ ಎಂದು ಗಾಬರಿಯಾಗಬೇಕಿಲ್ಲ. ಪಂಪು ಬಿಡದೆ ಓಡುವುದಿಲ್ಲ, ನೆಲಮಾಳಿಗೆಯ ಒಸರು ನೀರು ಕೂಡುವ ಗುಂಡಿ ತುಂಬಿದಾಗಷ್ಟೇ ಓಡುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಗುಂಡಿಗೆ ಇಳಿಯಿರಿ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಗುಂಡಿಯಲ್ಲಿ ನೀರು ಒಂದು ಇಂಚು ಏರಿತೆಂದರೆ ಸುಮಾರು 9.5 ಲೀಟರ್ ಬಂತು. ಮಳೆ ಜೋರಾಗಿರುವ ಹೊತ್ತಿನಲ್ಲಿ ಪಂಪು ಬಂದ್ ಮಾಡಿ, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಹತ್ತು ನಿಮಿಷ ಕಾಯಿರಿ. ಹತ್ತು ಇಂಚು ಏರಿದರೆ ನಿಮಿಷಕ್ಕೆ 9.5 ಲೀಟರ್ ಒಸರು. ಹದಿನೈದು ಅಡಿ ಎತ್ತರಕ್ಕೆ ನಿಮಿಷಕ್ಕೆ 150 ಲೀಟರ್ ಎತ್ತುವ ಪಂಪು ಇಂಥ ಒಸರಿಗೆ ತಾಸಿಗೆ ನಾಲ್ಕು ನಿಮಿಷ ಓಡಿದರೆ ಸಾಕು. ಒಂದು ತಾಸಿನ ಬ್ಯಾಟರಿ ಆಗ ಇಡೀ ರಾತ್ರಿ ಕಾಯುತ್ತದೆ. ಈ ಅಳತೆ ಮಾಡದೆ ‘ಒಂದೂವರೆ ಎಚ್‌ಪಿ ಇರಲಿ, ಧೈರ್ಯಕ್ಕ’ ಎನ್ನುವವರ ಜೊತೆ ನನ್ನ ತಕರಾರು ಹಳೆಯದು. ಮೋಟರ್ ಶುರುವಾಗುವ ಕ್ಷಣದಲ್ಲಿ ಓಟದ ನಾಲ್ಕೈದು ಪಟ್ಟು ಕರೆಂಟ್ ಬೇಡುತ್ತದೆ. ಮನೆಯ ಫ್ಯಾನು-ದೀಪದ ಇನ್ವರ್ಟರ್ ದೊಡ್ಡ ಪಂಪಿನ ಆ ಮೊದಲ ಏಟಿಗೇ ಟ್ರಿಪ್ ಆಗಿ ಕೂಡುತ್ತದೆ. ಏಳುವ ಕರೆಂಟ್ ತಡೆಯುವಂಥ ಸೈನ್‌ವೇವ್ ಇನ್ವರ್ಟರನ್ನೇ ಕೇಳಿ ತನ್ನಿ. ಅದನ್ನು ಪಂಪಿಗೆ ಮಾತ್ರ ಬಿಡಿ. ಸಂಜೆಯೆಲ್ಲ ಟಿವಿ ಓಡಿಸಿದ ಬ್ಯಾಟರಿ ನಡುರಾತ್ರಿಯ ಸಿಡಿಲಿಗೆ ಲೈನ್ ಬಂದ್ ಆದಾಗ ಏನು ಕೊಟ್ಟೀತು?

ಟ್ಯೂಬ್ಯುಲರ್ ಬ್ಯಾಟರಿಯನ್ನೇ ಕೊಳ್ಳಿ, ಗಾಡಿಯ ಬ್ಯಾಟರಿ ಬೇಡ. ಗಾಡಿಯದು ಒಮ್ಮೆ ಒದ್ದು ಸ್ಟಾರ್ಟ್ ಮಾಡಲಿಕ್ಕೆ ಇರುವುದು, ಆಳಕ್ಕೆ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವ ಕೆಲಸ ಅದಕ್ಕೆ ಒಗ್ಗದು. ಇಡುವುದು ನೆಲಮಾಳಿಗೆಯಲ್ಲಿ ಅಲ್ಲ, ಮೇಲಿನ ಅಂತಸ್ತಿನಲ್ಲಿ, ಗಾಳಿಯಾಡುವ ಕಡೆ. ನೀರಿನ ಮಟ್ಟ ತೋರಿಸುವ ತೇಲುಸೂಚಕದ ಗೆರೆ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಲ್ಲೂ ಉಪ್ಪು ಉಳಿದಿರುತ್ತದೆ, ಅದು ಕುಡಿಯಲಿಕ್ಕೆ ಮಾತ್ರ.

ಬ್ಯಾಟರಿಯ ಮಾತು ಇನ್ನೂ ಇತ್ತು. ಆದರೆ ಟಿಕೋಟಾದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಓದುಗರೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಬೇರೆ ಕಡೆ ಎಳೆಯುತ್ತಿದೆ. ‘ಸರ್, ಮನ್ಯಾಗ ಹಳೇ ಬೋರಿನ ಮೋಟರ್ ಅದ. ಅದನ್ನ ಗುಂಡಿಗೆ ಇಳಿಬಿಟ್ರ ನಡೀತದಿಲ್ರಿ?’

ನಡೆಯುವುದಿಲ್ಲ. ದ್ರಾಕ್ಷಿ ಬೆಳೆಯುವ ಟಿಕೋಟಾ, ಬಬಲೇಶ್ವರದ ಕಡೆ ಬೋರಿನ ಮೋಟರ್ ಬಿಚ್ಚಿ ಕಟ್ಟುವ ಕೈಗಳಿಗೆ ಕೊರತೆಯಿಲ್ಲ, ಅದಕ್ಕೇ ಈ ನಂಬಿಕೆ ಇಷ್ಟು ಗಟ್ಟಿ. ಬೋರಿನ ಪಂಪಿನೊಳಗೆ ಇಂಪೆಲ್ಲರ್ ಮೇಲೆ ಇಂಪೆಲ್ಲರ್ ಕೂಡಿಸಿರುತ್ತಾರೆ. ನೂರಾರು ಅಡಿ ಎತ್ತುವ ಶಕ್ತಿ ಬರುವುದು ಅಲ್ಲಿಂದ. ನಡುವಿನ ಸಂದು ಬಹಳ ಕಿರಿದು. ಮೈತುಂಬ ನೀರು ಹರಿಯುತ್ತಿದ್ದರೆ ಮಾತ್ರ ಮೋಟರ್ ತಣ್ಣಗಿರುತ್ತದೆ. ಮೊಣಕಾಲುದ್ದ ರಾಡಿ ನೀರಿನಲ್ಲಿ ಅಡ್ಡ ಮಲಗಿಸಿದರೆ ಒಂದೋ ಉಸುಕು ಸಿಕ್ಕು ಜಾಮ್ ಆಗುತ್ತದೆ, ಇಲ್ಲವೇ ವೈಂಡಿಂಗ್ ಸುಡುತ್ತದೆ. ಗುಂಡಿಗೆ ಬೇಕಾದದ್ದು ರಾಡಿ ನೀರು ಎತ್ತುವ ಡಿವಾಟರಿಂಗ್ ಪಂಪು, ತೇಲು ಸ್ವಿಚ್ಚಿನದು, ಸಣ್ಣ ಹರಳನ್ನೂ ನುಂಗಿ ಉಗುಳುವಂಥದ್ದು.

ಹಾಗಂತ ಎಷ್ಟು ಹರಳು ನುಂಗಿಸುತ್ತೀರಿ? ನನ್ನ ಹಟ ಇರುವುದು ಇಲ್ಲೇ. ಪಂಪಿನ ಆಯುಸ್ಸನ್ನು ಕಂಪನಿ ತೀರ್ಮಾನಿಸುವುದಿಲ್ಲ, ರಾಡಿ ತೀರ್ಮಾನಿಸುತ್ತದೆ. ನಮ್ಮ ಎರಿಭೂಮಿ ಬೇಸಿಗೆಯಲ್ಲಿ ಮೊಣಕೈ ಹೋಗುವಷ್ಟು ಬಿರಿಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಿರುಕುಗಳಿಂದ ನೇರ ಗರಸಿಗೆ ಇಳಿದು, ಕೆಳಗೆ ಕರಿಕಲ್ಲಿನ ಹಾಸು ಅಡ್ಡ ಬಂದಾಗ ಪಕ್ಕಕ್ಕೆ ಹರಿದು, ಗೋಡೆ ಮತ್ತು ನೆಲ ಕೂಡುವ ಸಂದಿನಲ್ಲಿ ಹೊರಬರುತ್ತದೆ. ಬರುವಾಗ ಗರಸಿನ ಉಸುಕನ್ನೂ ತರುತ್ತದೆ. ಏತ ನೀರಾವರಿಯಿಂದ ಕೆರೆಗಳು ತುಂಬಿ ಬಾವಿಗಳಲ್ಲಿ ನೀರು ಮೇಲೆ ಬಂದದ್ದು ನಮ್ಮ ಕಡೆಯ ದೊಡ್ಡ ಭಾಗ್ಯ. ಬರದ ವರ್ಷಗಳಲ್ಲಿ ಒಣನೆಲ ನೋಡಿ ನೆಲಮಾಳಿಗೆ ಅಗೆಸಿದವರು ಈಗ ಆ ನೆಲವನ್ನು ಹೊಸದಾಗಿ ನೋಡಬೇಕು. ನಮ್ಮ ಹಿರಿಯರು ಜೋಳದ ಹಗೇವು ತೋಡುವಾಗ ಗಟ್ಟಿ ನೆಲ, ಎತ್ತರದ ಜಾಗ ಹುಡುಕುತ್ತಿದ್ದರು. ನೀರು ಹೊಕ್ಕರೆ ವರ್ಷದ ಕಾಳೇ ಹೋಯಿತು.

ರಾಡಿ ತಡೆಯುವ ವಿದ್ಯೆ ಈ ಊರಿಗೆ ಹಳೆಯದು ಎಂಬುದು ನನಗೆ ಎಷ್ಟು ಹೇಳಿದರೂ ಸಾಲದ ಮಾತು. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು, ಉದ್ದಕ್ಕೂ ಬಾವಿಯಂಥ ಕಂಡಿಗಳನ್ನು ಬಿಟ್ಟರು. ಗಾಳಿಗೂ ಅವೇ, ಇಳಿದು ಹೂಳು ತೆಗೆಯಲಿಕ್ಕೂ ಅವೇ. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬಂತು. ದಾರಿಯಲ್ಲಿ ಅಲ್ಲಲ್ಲಿ ನೀರಿನ ಗೋಪುರಗಳು, ಅಂದರೆ ಗಂಜ್‌ಗಳು. ಊರೊಳಗೆ ಇನ್ನೂ ನಿಂತಿರುವ ಆ ಕಲ್ಲಿನ ಗೋಪುರಗಳ ಪಕ್ಕದಲ್ಲಿ ದಿನಾ ಓಡಾಡುತ್ತೇವೆ. ನೀರು ಕೊಳವೆಯಲ್ಲಿ ಗೋಪುರದ ನೆತ್ತಿಯ ತೊಟ್ಟಿಗೆ ಏರುತ್ತಿತ್ತು. ಅಲ್ಲಿ ಒತ್ತಡ ಕಳೆದುಕೊಂಡು ನಿಧಾನವಾಗುತ್ತಿತ್ತು, ನಿಧಾನವಾದ ನೀರು ಹೂಳನ್ನು ತಳಕ್ಕೆ ಬಿಡುತ್ತಿತ್ತು, ತಿಳಿಯಾದದ್ದು ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಮಣ್ಣಿನ ಕೊಳವೆ ಒಡೆಯದಂತೆ, ಕಟ್ಟದಂತೆ ಒಂದೇ ಗೋಪುರದಲ್ಲಿ ಎರಡು ಕಾಯಿಲೆಗೆ ಮದ್ದು. ಕರೆಂಟ್ ಇಲ್ಲದ ಕಾಲದ ಆ ಎಂಜಿನಿಯರುಗಳಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಅದನ್ನೇ ಸಣ್ಣದಾಗಿ ನಿಮ್ಮ ನೆಲಮಾಳಿಗೆಯಲ್ಲಿ ಮಾಡಿ. ಪಂಪಿನ ಗುಂಡಿಗೆ ಮೊದಲು ಒಂದೂವರೆ ಅಡಿ ಚೌಕದ, ಎರಡು ಅಡಿ ಆಳದ ರಾಡಿ ಗುಂಡಿ. ಒಸರು ಮೊದಲು ಅಲ್ಲಿಗೆ ಬೀಳಲಿ. ಮೇಲಿನಿಂದ ನಾಲ್ಕು ಇಂಚು ಕೆಳಗೆ ಒಂದು ಅಡ್ಡ ಪೈಪು ಇಟ್ಟು ಅಲ್ಲಿಂದ ಪಂಪಿನ ಗುಂಡಿಗೆ ದಾಟಿಸಿ. ಎರಿಮಣ್ಣಿನ ಸಣ್ಣ ಕಣ ಪೂರ್ತಿ ಕೂಡುವುದಿಲ್ಲ, ಅದು ಪಂಪಿನ ಮೂಲಕವೇ ಹೋದರೆ ಹೋಗಲಿ. ನಿಲ್ಲಿಸಬೇಕಾದದ್ದು ಉಸುಕು, ಸಿಮೆಂಟಿನ ಪುಡಿ, ಸುತಳಿ, ಗುಟಕಾ ಚೀಟಿ. ತೇಲು ಸ್ವಿಚ್ಚನ್ನು ಕಟ್ಟಿಹಾಕುವುದು ಹೆಚ್ಚಾಗಿ ಈ ಸುತಳಿಯೇ. ಮಿರಗಕ್ಕೆ ಮೊದಲು ಒಮ್ಮೆ, ಉತ್ತರಿಗೆ ಮೊದಲು ಒಮ್ಮೆ ಹೂಳು ಎತ್ತಿ. ಅದೇ ದಿನ ಮೇನ್ ಸ್ವಿಚ್ ಬಂದ್ ಮಾಡಿ, ಗುಂಡಿಗೆ ಕೊಡ ಕೊಡ ನೀರು ಸುರಿದು, ಬ್ಯಾಟರಿಯ ಮೇಲೆ ಪಂಪು ತಾನಾಗಿ ಎದ್ದು ತಾನಾಗಿ ನಿಲ್ಲುತ್ತದೆಯೇ ಎಂದು ಕಣ್ಣಾರೆ ನೋಡಿ. ಮೇಲಕ್ಕೆ ಹೋಗುವ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಕಡ್ಡಾಯ. ಇಲ್ಲದಿದ್ದರೆ ಪೈಪಿನಲ್ಲಿ ನಿಂತ ನೀರು ಗುಂಡಿಗೇ ಮರಳುತ್ತದೆ, ಗಟಾರ ತುಂಬಿದ ದಿನ ಗಟಾರದ್ದೂ ಬರುತ್ತದೆ.

ಟಿಕೋಟಾದವರ ಇನ್ನೊಂದು ಪ್ರಶ್ನೆ, ಎತ್ತಿದ ನೀರನ್ನು ಬೋರಿಗೆ ಇಂಗಿಸಬಹುದೇ ಎಂಬುದು. ನೀರಿಗಾಗಿ ಇಷ್ಟು ಬವಣೆಪಟ್ಟ ಊರಿನವರು ಹಾಗೆ ಕೇಳುವುದು ಸಹಜ. ಚಾವಣಿಯ ಮಳೆನೀರಾದರೆ ಸೋಸಿ ಧಾರಾಳ ಇಂಗಿಸಿ. ಗೊಬ್ಬರದ ಗೋದಾಮಿನ ಒಸರನ್ನು ಮಾತ್ರ ಬೋರಿನ ಹತ್ತಿರ ಒಯ್ಯಬೇಡಿ. ಒಂದು ಚೀಲ ಒಡೆದು ಯೂರಿಯಾ ಕರಗಿದರೂ ಅದು ನೆಲದೊಳಗೆ ನೈಟ್ರೇಟ್ ಆಗಿ ಸುತ್ತಲಿನವರ ಕುಡಿಯುವ ನೀರಿಗೆ ಸೇರುತ್ತದೆ. ಚೀಲಗಳನ್ನು ಈ ವಾರವೇ ಕಟ್ಟಿಗೆಯ ಮಣೆಯ ಮೇಲೆ ಏರಿಸಿ, ಗೋಡೆಯಿಂದ ಒಂದು ಅಡಿ ದೂರ ಇಡಿ.