ರಬ್ಬರ್ ಹಾವಿನ ದಪ್ಪ ಎಷ್ಟು?

ಕಡಲ ಅಲೆಯಿಂದ ವಿದ್ಯುತ್ತು ಪಡೆಯುವ ವಿಧಾನಗಳನ್ನು ಕುರಿತ ಲೇಖನಗಳಲ್ಲಿ ‘ಅನಕೊಂಡ’ದ ಹೆಸರು ಮತ್ತೆ ಮತ್ತೆ ಬರುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಫ್ರಾನ್ಸಿಸ್ ಫಾರ್ಲಿ ಮತ್ತು ಎಂಜಿನಿಯರ್ ರಾಡ್ ರೈನಿ ರೂಪಿಸಿದ ಈ ಸಾಧನ 2008ರಲ್ಲಿ ಸುದ್ದಿಯಾಯಿತು. ಎರಡೂ ತುದಿ ಮುಚ್ಚಿದ, ನೀರು ತುಂಬಿದ ರಬ್ಬರ್ ಕೊಳವೆಯನ್ನು ಲಂಗರಿಗೆ ಕಟ್ಟಿ ಅಲೆಗಳಿಗೆ ಎದುರಾಗಿ ತೇಲಬಿಡುವುದು. ಕೀಲಿಲ್ಲ, ತುಕ್ಕಿಲ್ಲ, ಅಗ್ಗ ಎಂಬುದು ಇದರ ಹೊಗಳಿಕೆ.

ತತ್ತ್ವವೇನೋ ಬಲು ಸೊಗಸು. ಅಲೆ ಕೊಳವೆಯನ್ನು ಅದುಮಿದಾಗ ಒಳಗೆ ಉಬ್ಬೊಂದು ಹುಟ್ಟಿ ಬಾಲದತ್ತ ಸಾಗುತ್ತದೆ. ನಮ್ಮ ಧಮನಿಗಳಲ್ಲಿ ನಾಡಿಮಿಡಿತ ಸಾಗುವುದೂ ಹೀಗೆಯೇ. ಉಬ್ಬಿನ ವೇಗ ಅಲೆಯ ವೇಗಕ್ಕೆ ಸಮನಾದರೆ ಅನುರಣನ ಉಂಟಾಗಿ, ಉಬ್ಬು ದಾರಿಯುದ್ದಕ್ಕೂ ಶಕ್ತಿ ಪಡೆಯುತ್ತ ಬೆಳೆಯುತ್ತದೆ. ಬಾಲದಲ್ಲಿ ಟರ್ಬೈನು ಇರುತ್ತದೆ. ಕೀಲು ಬೇಡವೆಂಬ ಹಂಬಲಕ್ಕೂ ಕಾರಣವಿದೆ. ಉಕ್ಕಿನ ತುಂಡುಗಳನ್ನು ಕೀಲುಗಳಿಂದ ಜೋಡಿಸಿದ ‘ಪೆಲಾಮಿಸ್’ 2004ರಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿಯಲ್ಲಿ ಗ್ರಿಡ್‌ಗೆ ವಿದ್ಯುತ್ತು ಕೊಟ್ಟಿತು. ಆದರೆ 2008ರಲ್ಲಿ ಪೋರ್ಚುಗಲ್ ಕಡಲಿಗಿಳಿದ ಮೂರು ಯಂತ್ರಗಳು ಕೆಲವೇ ತಿಂಗಳಲ್ಲಿ ದಡ ಸೇರಿದವು. ಬೇರಿಂಗುಗಳ ತೊಂದರೆಗೆ ಹಣದ ಮುಗ್ಗಟ್ಟೂ ಸೇರಿಕೊಂಡಿತ್ತು. 2014ರಲ್ಲಿ ಕಂಪನಿಯೇ ನಿಂತಿತು.

ಅನಕೊಂಡದ ಯೋಜಿತ ಪೂರ್ಣಗಾತ್ರ 200 ಮೀಟರ್ ಉದ್ದ, 7 ಮೀಟರ್ ವ್ಯಾಸ; ಸಾಮರ್ಥ್ಯ 1 ಮೆಗಾವಾಟ್. ಗೋಡೆಯ ದಪ್ಪವನ್ನು ಮಾತ್ರ ಜನಪ್ರಿಯ ಬರಹಗಳು ಕೇಳುವುದೇ ಇಲ್ಲ. ಪಿ.ಯು.ಸಿ. ವಿದ್ಯಾರ್ಥಿಯೂ ಇದನ್ನು ಲೆಕ್ಕ ಹಾಕಬಹುದು. ಆಳ ನೀರಿನಲ್ಲಿ 8 ಸೆಕೆಂಡ್ ಆವರ್ತಕಾಲದ ಅಲೆಯ ವೇಗ ಸೆಕೆಂಡಿಗೆ ಸುಮಾರು 12.5 ಮೀಟರ್. ಉಬ್ಬಿನ ವೇಗದ ವರ್ಗವೆಂದರೆ ಯಂಗ್ ಗುಣಾಂಕ ಮತ್ತು ದಪ್ಪದ ಗುಣಲಬ್ಧವನ್ನು, ನೀರಿನ ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದ್ದು. ರಬ್ಬರಿನ ಗುಣಾಂಕ 2 ಮೆಗಾಪಾಸ್ಕಲ್ ಎಂದಿಟ್ಟುಕೊಂಡರೆ ದಪ್ಪ ಸುಮಾರು 56 ಸೆಂಟಿಮೀಟರ್! ಇಡೀ ಕೊಳವೆಗೆ ಎರಡು ಸಾವಿರ ಟನ್ನಿಗೂ ಮೀರಿದ ರಬ್ಬರ್ ಬೇಕು. ‘ಅಗ್ಗ’ ಎಂಬ ಮಾತು ಇಲ್ಲಿ ಮುಗ್ಗರಿಸುತ್ತದೆ.

ಸೌತಾಂಪ್ಟನ್ ವಿಶ್ವವಿದ್ಯಾಲಯದ ಪ್ರಯೋಗಗಳಿಗೆ ಆಯ್ದದ್ದು 25 ಮತ್ತು 50 ಸೆಂಟಿಮೀಟರ್ ವ್ಯಾಸದ ಕೊಳವೆಗಳು. ಅಲೆಯನ್ನೂ ಅದೇ ಅನುಪಾತದಲ್ಲಿ ಕಿರಿದಾಗಿಸಿದರೆ, 50 ಸೆಂಟಿಮೀಟರಿನ ಮಾದರಿಗೆ ಇದೇ ರಬ್ಬರು 3 ಮಿಲಿಮೀಟರ್ ದಪ್ಪವಿದ್ದರೆ ಸಾಕು. ಗಾತ್ರ 14 ಪಟ್ಟಾದಾಗ ದಪ್ಪ 14ರ ವರ್ಗದಷ್ಟು, ಅಂದರೆ 196 ಪಟ್ಟು ಆಗಬೇಕು. ತೊಟ್ಟಿಯಲ್ಲಿ ಗೆದ್ದದ್ದು ಕಡಲಿನಲ್ಲೂ ಗೆಲ್ಲುವುದೆಂಬ ಊಹೆಯನ್ನು ಈ ವರ್ಗವೇ ಕೆಡಿಸುತ್ತದೆ. (ಸಿಲಿಂಡರಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?)

ಪರಿಹಾರವಿಲ್ಲದಿಲ್ಲ. ಸುತ್ತಳತೆಯ ಅರ್ಧಕ್ಕೆ ಹಿಗ್ಗದ ಬಟ್ಟೆ, ಉಳಿದರ್ಧಕ್ಕೆ ಮಾತ್ರ ರಬ್ಬರು ಇಟ್ಟರೆ ದಪ್ಪ ಅರ್ಧವಾಗಿ ರಬ್ಬರಿನ ಒಟ್ಟು ಮೊತ್ತ ಕಾಲು ಭಾಗಕ್ಕಿಳಿಯುತ್ತದೆ. ಆದರೆ ಅದೇ ಉಬ್ಬಿಗೆ ಉಳಿದ ರಬ್ಬರು ಎರಡರಷ್ಟು ಹಿಗ್ಗಬೇಕಾಗುತ್ತದೆ. 8 ಸೆಕೆಂಡಿಗೊಮ್ಮೆ ಎಂದರೂ ವರ್ಷಕ್ಕೆ ಸುಮಾರು 40 ಲಕ್ಷ ಸಲ! ಹಿಗ್ಗಿ ಕುಗ್ಗುವಾಗ ಪ್ರತಿ ಸಲವೂ ಒಂದಿಷ್ಟು ಶಕ್ತಿ ಶಾಖವಾಗಿ ಸೋರುತ್ತದೆ. ಬಟ್ಟೆ ಮತ್ತು ರಬ್ಬರು ಕೂಡುವ ಅಂಚಿನಲ್ಲಿ ಬಿರುಕು ಹುಟ್ಟುವ ಅಪಾಯವೂ ಇದೆ. ಕೀಲನ್ನು ಕಿತ್ತೆಸೆದರೂ ಸವೆತ ಹೋಗಲಿಲ್ಲ, ಕೊಳವೆಯ ಉದ್ದಕ್ಕೂ ಹರಡಿಕೊಂಡಿತು.