ಲೇಖಣಿಯಿಂದ ಹುಟ್ಟಿದ ಹೆಸರು: ಫಿಯೋನಾ

ಸ್ಕಾಟ್ಲೆಂಡಿನ ಹೆಣ್ಣುಮಕ್ಕಳ ಹೆಸರುಗಳಲ್ಲಿ ‘ಫಿಯೋನಾ’ ಎಂಬುದು ಕಿವಿಗೆ ಬಹು ಪ್ರಾಚೀನವಾಗಿ ಕೇಳಿಸುತ್ತದೆ. ಬೆಟ್ಟದ ಮಂಜು, ಗೇಲಿಕ್ ಜನರ ಹಳೆಯ ಹಾಡು ಎಲ್ಲವೂ ಆ ಮೂರಕ್ಷರಗಳಲ್ಲಿ ಅಡಗಿರುವಂತೆ ತೋರುತ್ತದೆ. ಆದರೆ ಇದು ಅಜ್ಜಿಯಿಂದ ಮೊಮ್ಮಗಳಿಗೆ ತಲೆತಲಾಂತರವಾಗಿ ಇಳಿದುಬಂದ ಹೆಸರಲ್ಲ, ಲೇಖಣಿಯಿಂದ ಹುಟ್ಟಿದ್ದು.

ಮೂಲಶಬ್ದವೇನೋ ಹಳೆಯದೇ. ಗೇಲಿಕ್‌ನಲ್ಲಿ ‘ಫಿಯೊನ್’ ಎಂದರೆ ಬಿಳುಪು, ಗೌರವರ್ಣ. ಅದಕ್ಕೆ ಲ್ಯಾಟಿನ್ ಮಾದರಿಯ ಸ್ತ್ರೀಲಿಂಗದ ‘ಆ’ಕಾರ ಸೇರಿ ಫಿಯೋನಾ ಆಯಿತು. ಹೀಗೆ ಸೇರಿಸಿದವನು ಹದಿನೆಂಟನೆಯ ಶತಮಾನದ ಜೇಮ್ಸ್ ಮೆಕ್‌ಫರ್ಸನ್ ಎಂದು ನಾಮಕೋಶಗಳು ಹೇಳುತ್ತವೆ. ತಾನೇ ಕಟ್ಟಿದ ಕಾವ್ಯವನ್ನು ಪುರಾತನ ಕವಿ ಆಸಿಯನ್ನನದೆಂದು ಲೋಕದ ಮುಂದಿಟ್ಟು, ಡಾಕ್ಟರ್ ಜಾನ್ಸನ್ನನ ಕೋಪಕ್ಕೆ ಗುರಿಯಾದ ಆಸಾಮಿ ಅವನೇ. ನಿಜವಾಗಿ ಹಳೆಯದಾದ ಐರಿಷ್ ಹೆಸರು ಬೇರೆ ಇದೆ: ಫಿಯೊನೂಲಾ, ಅಂದರೆ ಬಿಳಿಯ ಹೆಗಲಿನವಳು. ಐರಿಷ್ ಭಾಷೆಯಲ್ಲಿ ‘ಫೀಯೊನ’ ಎಂದರೆ ‘ದ್ರಾಕ್ಷಾರಸದ’ ಎಂಬ ಷಷ್ಠೀ ರೂಪವಾಗುವುದೊಂದು ತಮಾಷೆ.

ಹೆಸರಿಗೆ ಜೀವ ಬಂದುದು ವಿಲಿಯಂ ಶಾರ್ಪ್‌ನಿಂದ. 1855ರಲ್ಲಿ ಪೇಯ್ಸ್ಲಿಯಲ್ಲಿ ಹುಟ್ಟಿದ ಈತ ಲಂಡನ್ನಿನಲ್ಲಿ ವಿಮರ್ಶಕನೆಂದು, ಸಂಪಾದಕನೆಂದು ಹೆಸರಾದವನು. 1894ರಲ್ಲಿ ‘ಫರಾಯಿಸ್’ ಎಂಬ ಕಥಾನಕ ಹೊರಬಂದಾಗ ಅದರ ಮೇಲಿದ್ದ ಹೆಸರು ಫಿಯೋನಾ ಮೆಕ್ಲೌಡ್. ಬರಿಯ ಕಾವ್ಯನಾಮವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಶಾರ್ಪ್ ಅಷ್ಟಕ್ಕೆ ನಿಲ್ಲಲಿಲ್ಲ. ಫಿಯೋನಾಳ ಪತ್ರಗಳನ್ನು ತಂಗಿ ಮೇರಿಯ ಕೈಬರೆಹದಲ್ಲಿ ಕಳುಹಿಸಿದ. ಗಣ್ಯರ ಪರಿಚಯಕೋಶದಲ್ಲಿಯೂ ಆಕೆಗೆ ಸ್ಥಾನ ದೊರಕಿಸಿದ. ಅಲ್ಲಿ ಆಕೆಯ ಹವ್ಯಾಸಗಳಲ್ಲೊಂದು ‘ಆಲಿಸುವುದು’! 1905ರಲ್ಲಿ ಅವನು ಸಿಸಿಲಿಯಲ್ಲಿ ತೀರಿಕೊಂಡ ಮೇಲೆಯೇ ಗುಟ್ಟು ಜಗತ್ತಿಗೆ ತಿಳಿದದ್ದು.

ಇದನ್ನು ಮೋಸವೆನ್ನೋಣವೆ? ಮೆಕ್‌ಫರ್ಸನ್ ಒಂದು ಜನಾಂಗದ ಚರಿತ್ರೆಗೇ ಸುಳ್ಳು ಸಾಕ್ಷಿ ಕಟ್ಟಿದ. ಅವನನ್ನು ಕ್ಷಮಿಸುವುದು ಕಷ್ಟ. ಶಾರ್ಪ್ ಕಟ್ಟಿದ್ದು ಒಬ್ಬ ವ್ಯಕ್ತಿಯನ್ನು ಮಾತ್ರ. ಆದರೂ ಈ ಪ್ರಸಂಗ ಓದುಗರಾದ ನಮ್ಮನ್ನೇ ಕೆಣಕುತ್ತದೆ. ಕವಿ ಯೇಟ್ಸ್‌ಗೂ ಮೊದಮೊದಲು ಫಿಯೋನಾಳ ಬರೆಹ ಒಪ್ಪಿಗೆಯಾಗಿತ್ತು, ಶಾರ್ಪನದು ಆಗಿರಲಿಲ್ಲ. ಕೈ ಒಂದೇ ಅಲ್ಲವೆ? ಮುಸುಕು ಹಾಕಿಕೊಂಡ ಮೇಲೆ ಶಾರ್ಪನ ಗದ್ಯ ನಿಜಕ್ಕೂ ಸಡಿಲವಾಯಿತು, ಹಾಡತೊಡಗಿತು ಎಂದು ನನಗೆ ತೋರುತ್ತದೆ. ಹಾಗೆಂದು ಅದರ ದೋಷಗಳಿಗೆ ಕಣ್ಣು ಮುಚ್ಚಬೇಕಾಗಿಲ್ಲ. ಪುಟಪುಟಕ್ಕೂ ಮಂಜು, ನಿಟ್ಟುಸಿರು, ಕಡಲಿನ ಮೊರೆತ. ವಿಶೇಷಣಗಳ ಭಾರಕ್ಕೆ ಕಥೆ ಬಳಲುತ್ತದೆ. ದ್ವೀಪವಾಸಿಗಳ ಐತಿಹ್ಯಗಳನ್ನು ಚಿಕ್ಕದಾಗಿ ಹೇಳಿದ ಕಡೆ ಮಾತ್ರ ಬರೆಹ ಇಂದಿಗೂ ಉಸಿರಾಡುತ್ತದೆ.

ಫಿಯೋನಾಳ ನಾಟಕ ‘ದಿ ಇಮ್ಮಾರ್ಟಲ್ ಅವರ್’ ಅನ್ನು ರಟ್ಲೆಂಡ್ ಬೌಟನ್ ಗೀತನಾಟಕವಾಗಿಸಿದ. 1922ರಲ್ಲಿ ಅದು ಲಂಡನ್ನಿನಲ್ಲಿ ಬಿಡುವಿಲ್ಲದೆ 216 ಪ್ರಯೋಗಗಳನ್ನು ಕಂಡಿತು. ಆ ಬಳಿಕ ಪುಸ್ತಕಗಳು ಕಪಾಟಿನ ಹಿಂದಿನ ಸಾಲಿಗೆ ಸರಿದವು, ಹೆಸರು ತೊಟ್ಟಿಲುಗಳಿಗೆ ಇಳಿಯಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡುಗಳ ಎಷ್ಟೋ ತಾಯಂದಿರು, ಮೆಕ್ಲೌಡಳ ಒಂದು ಪುಟವನ್ನೂ ತಿರುವದೆ, ಮಗಳನ್ನು ಫಿಯೋನಾ ಎಂದು ಕರೆದರು.